ಫಿದೆನ್ಸಿಯೊ ಹೇಳಿದ ‘ಆಗಲಿ’

ಟೊರಾಂಟೊ
ನವೆಂಬರ್ ೧೨, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಕೊಮಾದ್ರೆ ಎರ್ಮೆಲಿಂದಾಳಿಗೆ,

ನಿನಗೂ, ನಿನ್ನ ಒಲೆಗೂ, ಅಂಗಳದ ಕೋಳಿಗಳಿಗೂ ದೂರದಿಂದ ನನ್ನ ವಂದನೆ. ನಿನ್ನ ಮಗಳು ಬ್ರಿಸೈದಾಳನ್ನು ಜ್ಞಾನಸ್ನಾನದ ದಿನ ನಾನು ಜ್ಞಾನತಾಯಿಯಾಗಿ ಎತ್ತಿಕೊಂಡಾಗಿನಿಂದ ನಾವಿಬ್ಬರೂ ಕೊಮಾದ್ರೆಗಳು. ಹದಿನೆಂಟು ವರ್ಷ ಒಬ್ಬರನ್ನೊಬ್ಬರು ಬೇರೆ ಹೆಸರಿನಿಂದ ಕರೆದದ್ದಿಲ್ಲ. ಆಮೇಲಿನ ಎರಡು ವರ್ಷ ನೀನು ನನ್ನನ್ನು ಯಾವ ಹೆಸರಿನಿಂದಲೂ ಕರೆದಿಲ್ಲ. ಈ ತಿಂಗಳ ಮೊದಲಿಗೆ, ಸತ್ತವರ ಹಬ್ಬಕ್ಕೆ, ನಿನ್ನ ಗಂಡ ಫಿದೆನ್ಸಿಯೊನ ಎಡೆಗೆಂದು ನಾನು ನಿನ್ನ ಹೊಸ್ತಿಲಲ್ಲಿಟ್ಟು ಬಂದ ರೊಟ್ಟಿ ಮೂರು ದಿನ ಅಲ್ಲೇ ಇತ್ತು. ಬರೀ ಸಿಟ್ಟಾಗಿದ್ದರೆ ನೀನು ಅದನ್ನು ನಾಯಿಗೆ ಹಾಕುತ್ತಿದ್ದೆ, ಅಷ್ಟು ನಿನ್ನನ್ನು ಬಲ್ಲೆ. ಅದಕ್ಕೇ ಬಾಗಿಲು ತಟ್ಟುವುದು ಬಿಟ್ಟು ಕಾಗದ ಬರೆಯಲು ಕೂತಿದ್ದೇನೆ.

ನಿನಗೆ ಓದಲು ಬರುವುದಿಲ್ಲ, ನನಗೆ ನಮ್ಮ ಭಾಷೆಯನ್ನು ಬರೆಯಲು ಬರುವುದಿಲ್ಲ. ಸ್ಪ್ಯಾನಿಷ್‌ನಲ್ಲಿ ಬರೆದು, ಊರಿಗೆ ಬರುವ ದಾರಿಯಲ್ಲಿ ವಹಾಕಾ ಪಟ್ಟಣದಲ್ಲಿಳಿದು ಬ್ರಿಸೈದಾಳ ಕೈಗೆ ಕೊಡುತ್ತೇನೆ. ಶನಿವಾರ ಅವಳು ನರ್ಸಿಂಗ್ ಶಾಲೆಯಿಂದ ಮನೆಗೆ ಬಂದಾಗ ನಮ್ಮ ಮಾತಿನಲ್ಲಿ ನಿನಗೆ ಓದಿ ಹೇಳಲಿ. ಇಷ್ಟು ವರ್ಷ ಗಣಿ ಕಂಪನಿಗೆ ನಾನು ಮಾಡಿದ ದುಭಾಷಿ ಕೆಲಸವನ್ನು ನಿನಗಾಗಿ ಒಂದು ದಿನ ಅವಳು ಮಾಡಲಿ.

ಇಲ್ಲಿಗೆ ನನ್ನನ್ನು ಕರೆತಂದದ್ದು ಕಂಪನಿಯೇ. ಊರಿನವರು ಬರೆದುಕೊಟ್ಟ ದೂರು ಕೊನೆಗೂ ವಿಚಾರಣೆಗೆ ಬಂದಿದೆ. ನಾಳೆ ಬೆಳಿಗ್ಗೆ ಮಧ್ಯಸ್ಥ ಮಂಡಳಿಯ ಮುಂದೆ ಕೇಳುವುದು ಒಂದೇ ಪ್ರಶ್ನೆ: ಒರತೆಯ ಕೆಳಗೆ ಸುರಂಗ ಕೊರೆಯಲು ಸಾನ್ ಎಸ್ತೆಬಾನ್ ಊರು ಒಪ್ಪಿತ್ತೋ ಇಲ್ಲವೋ? ಕಂಪನಿಯ ಹತ್ತಿರ ಇರುವುದು ನಾಲ್ಕು ವರ್ಷದ ಹಿಂದಿನ ಊರಸಭೆಯ ಧ್ವನಿಮುದ್ರಣ. ಅದರಲ್ಲಿ ನಿನ್ನ ಗಂಡ ಒಂದು ಮಾತು ಹೇಳುತ್ತಾನೆ, ಅದನ್ನು ನಾನು ಸ್ಪ್ಯಾನಿಷ್‌ಗೆ ತಿರುಗಿಸಿ ಹೇಳುತ್ತೇನೆ. ನಾಳೆ ನಾನು ಆ ಅನುವಾದ ಸರಿ ಎಂದರೆ ದೂರು ಅಲ್ಲಿಗೆ ಮುಗಿಯಿತು.

ನಿನ್ನೆ ಕಂಪನಿಯ ಕಚೇರಿ ತೋರಿಸಿದರು. ಒಳಗೆ ಹೋಗುತ್ತಲೇ ಒಂದು ಉದ್ದನೆಯ ಗೋಡೆ, ಮೇಲೆ ‘ನಮ್ಮ ಸಾಮಾಜಿಕ ಹೊಣೆಗಾರಿಕೆ’ ಎಂದು ಬರೆದಿದೆ. ಕೆಳಗೆ ದೇಶ ದೇಶದ ಫೋಟೋಗಳು. ಘಾನಾದಲ್ಲೊಂದು ಆಸ್ಪತ್ರೆ, ಪೆರುವಿನಲ್ಲೊಂದು, ಫಿಲಿಪೀನ್ಸ್‌ನಲ್ಲೊಂದು, ನಮ್ಮದೊಂದು. ಅದೇ ಹಸಿರು ಚಾವಣಿ, ಅದೇ ಕೆಂಪು ರಿಬ್ಬನ್, ಅದೇ ಹೊಗೆಯಿಲ್ಲದ ಒಲೆ. ನಾಲ್ಕು ಮಕ್ಕಳಿಗೆ ಒಂದೇ ಅಂಗಿ ಹೊಲಿಸಿದ ಹಾಗಿದೆ. ನಿಂತು ನೋಡುತ್ತಾ ಹೋದಂತೆ ನನಗೆ ಇನ್ನೊಂದು ಕಾಣಿಸಿತು. ಪ್ರತಿ ಫೋಟೋದಲ್ಲೂ ದೊಡ್ಡವರ ಪಕ್ಕದಲ್ಲಿ ಅರ್ಧ ಹೆಜ್ಜೆ ಹಿಂದೆ ಊರಿನ ಹೆಂಗಸೊಬ್ಬಳು ನಿಂತಿದ್ದಾಳೆ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ಅವಳು ಮಾತಾಡುವವರ ಬಾಯಿ ನೋಡುತ್ತಿದ್ದಾಳೆ. ನಮ್ಮೂರ ಫೋಟೋದಲ್ಲಿ ಅವಳು ನಾನು. ಉಳಿದವರ ಹೆಸರು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ.

ಕೊಮಾದ್ರೆ, ಆ ಸಭೆಯ ದಿನ ನಿನಗೆ ಮರೆತಿರುವುದಿಲ್ಲ. ಶಾಲೆಯ ಅಂಗಳದಲ್ಲಿ ಕಂಪನಿಯವರು ಕುರಿಗಳನ್ನು ಗುಂಡಿಯಲ್ಲಿ ಹೂತು ಬೇಯಿಸಿದ್ದರು, ಬೆಳಗಿನಿಂದ ಘಮಘಮ. ಫಿದೆನ್ಸಿಯೊ ಮೂಗು ಮುಚ್ಚಿಕೊಂಡು ನಿಂತಿದ್ದ. “ಏನಪ್ಪಾ, ವಾಸನೆ ಆಗ್ಬರಲ್ವಾ?” ಎಂದು ನಾನು ರೇಗಿಸಿದರೆ, “ಆಗ್ಬರುತ್ತೆ ಒದಿಲಿಯಾ, ಅದೇ ತೊಂದ್ರೆ. ನಾಲಿಗೆ ಒಂದ್ಸಲ ಒಪ್ಕೊಂಡ್ರೆ ಆಮೇಲೆ ಬಾಯಿ ಬೇರೆ ಮಾತಾಡಲ್ಲ” ಅಂದ. ಊರಲ್ಲಿರುವ ಕಂಪನಿ ಕಚೇರಿಯ ‘ಸಾಮಾಜಿಕ ಹೊಣೆಗಾರಿಕೆ’ ಫಲಕವನ್ನು ನನ್ನಿಂದ ಓದಿಸಿಕೊಂಡು, “ಹೊಣೆ ಅವರ್ದು, ಹೊರೆ ನಮ್ದು. ಸರಿಯಾಗಿದೆ ಬಿಡು” ಎಂದು ನಗಿಸಿದವನೂ ಅವನೇ. ಒರತೆ ಕಾಯುವ ಸರದಿ ಆ ವರ್ಷ ಅವನದು. ಊರು ಹೊರಿಸಿದ ಕೆಲಸವನ್ನು ಅವನಷ್ಟು ನೆಟ್ಟಗೆ ಮಾಡಿದವರನ್ನು ನಾನು ಕಂಡಿಲ್ಲ.

ಮೂರು ಗಂಟೆ ಚಿತ್ರ ತೋರಿಸಿದರು. ಹೊಣೆಗಾರಿಕೆ ವಿಭಾಗದ ಲೋರ್ನಾ ಮೇಡಂ ಎದ್ದು ನಿಂತು, ನೀವು ನಮ್ಮ ಜೊತೆಗಿದ್ದೀರಾ ಎಂದು ನನ್ನ ಮೂಲಕ ಕೇಳಿದಳು. ಒರತೆಯ ಮಾತು ಆದದ್ದರಿಂದ ಒರತೆ ಕಾಯುವವನೇ ಉತ್ತರ ಕೊಡಬೇಕು. ಫಿದೆನ್ಸಿಯೊ ಎದ್ದ. ಕೆಮ್ಮಿದ. ಕೈಯಲ್ಲಿದ್ದ ಟೋಪಿಯನ್ನು ತಲೆಗೆ ಹಾಕಿಕೊಂಡ. “ಆಗಲಿ” ಅಂದ.

ನಮ್ಮೂರಿನ ಆಗಲಿಗೆ ಅರ್ಥ ನಿನಗೆ ನಾನು ಹೇಳಿಕೊಡಬೇಕೇ? ಪಾತ್ರೆ ಮಾರುವವನು ಅಂಗಳದಲ್ಲಿ ಕೂತು ತಲೆ ತಿಂದ ಮೇಲೆ ಅವನಿಗೆ ಹೇಳುವುದು ಆಗಲಿ. ನಿನ್ನನ್ನು ಕೇಳಿಕೊಂಡು ಬಂದ ಆ ಹಳದಿ ಹಲ್ಲಿನ ಮೇಷ್ಟ್ರಿಗೆ ನಿಮ್ಮಪ್ಪ ಹೇಳಿದ್ದು ಆಗಲಿ. ನೀನು ಹೇಳಿದ್ದು ಕಿವಿಗೆ ಬಿತ್ತು, ನಿನ್ನ ಮಾತು ನಿನ್ನ ಹತ್ತಿರ, ನನ್ನದು ನನ್ನ ಹತ್ತಿರ, ಇನ್ನು ಹೊರಡು ಎಂಬಷ್ಟನ್ನು ಮನೆಗೆ ಬಂದವರ ಮುಖ ಕೆಡದಂತೆ ಹೇಳುವ ಮಾತು ಅದು. ಒಪ್ಪಿಗೆಗೆ ನಮ್ಮಲ್ಲಿ ಬೇರೆಯೇ ಮಾತಿದೆ. ಅದಕ್ಕೆ ಮೂರು ಸಲ ಕೂತೆದ್ದು ಮಾತಾಡಬೇಕು, ಮೆಸ್ಕಾಲ್ ಹೆಂಡದ ಮೊದಲ ಹನಿ ನೆಲಕ್ಕೆ ಬೀಳಬೇಕು, ಗಂಡಸರು ಟೋಪಿ ತೆಗೆದು ಮೊಣಕಾಲ ಮೇಲಿಡಬೇಕು. ಟೋಪಿ ಹಾಕಿಕೊಂಡವನು ಮನೆಗೆ ಹೊರಟವನು. ಇದು ನಮ್ಮೂರ ಐದು ವರ್ಷದ ಕೂಸಿಗೂ ಗೊತ್ತು.

ಲೋರ್ನಾ ನನ್ನ ಕಡೆ ತಿರುಗಿ, “ಹೌದು ಅಂದ್ರು ತಾನೆ?” ಎಂದಳು. “ಹೌದು, ಒಪ್ಕೊಂಡಿದಾರೆ” ಎಂದೆ ನಾನು. ಅವರು ಚಪ್ಪಾಳೆ ತಟ್ಟಿದರು. ಬಂದವರು ತಟ್ಟಿದರೆ ನಾವು ಸುಮ್ಮನಿರುವುದು ಮರ್ಯಾದೆಯಲ್ಲ ಎಂದು ನೀವೂ ತಟ್ಟಿದಿರಿ. ಆಮೇಲೆ ಊಟ.

ಬಾಯಿ ತಪ್ಪಿ ಬಂತು, ಬಿಸಿಲಿತ್ತು, ಸುಸ್ತಾಗಿತ್ತು ಎಂದು ಈ ನಾಲ್ಕು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಪಾದ್ರಿಯ ಮುಂದೆಯೂ ಹಾಗೇ ಹೇಳಿದೆ. ಕೊಮಾದ್ರೆ, ಅದು ಸುಳ್ಳು. ನನಗೆ ಆಸ್ಪತ್ರೆ ಬೇಕಿತ್ತು. ನನ್ನ ಮಗಳು ಅಂಪಾರೊ ಹೆರಿಗೆ ನೋವಿನಲ್ಲಿ ಪಿಕಪ್ ಗಾಡಿಯ ಹಿಂದೆ ಮಲಗಿ, ಘಾಟಿಯ ಎರಡನೇ ತಿರುವಿನಲ್ಲಿ ಕಣ್ಣು ಮುಚ್ಚಿದಾಗ ಅವಳ ತಲೆ ನಿನ್ನ ಮಡಿಲಲ್ಲಿತ್ತು. ಕೂಸೂ ಉಳಿಯಲಿಲ್ಲ. ಊರು ಒಪ್ಪಿದರೆ ಆರು ತಿಂಗಳಲ್ಲಿ ಆಸ್ಪತ್ರೆ ಎಂದು ಲೋರ್ನಾ ನನಗೆ ಮೊದಲೇ ಹೇಳಿದ್ದಳು, ನಕ್ಷೆಯನ್ನೂ ತೋರಿಸಿದ್ದಳು. ಹೆರಿಗೆ ಕೋಣೆ ಎಲ್ಲಿ ಎಂದು ನಾನೇ ಬೆರಳಿಟ್ಟು ತೋರಿಸಿದ್ದೆ. ಫಿದೆನ್ಸಿಯೊ ಟೋಪಿ ಹಾಕಿಕೊಂಡಾಗ ನನಗೆ ಕಂಡದ್ದು ಆ ನಕ್ಷೆ.

ಆಸ್ಪತ್ರೆ ಬಂತು. ವೈದ್ಯರು ಬರಲಿಲ್ಲ. ಮುಂದಿನ ವರ್ಷ ಸುರಂಗ ಒರತೆಯ ಕೆಳಗೆ ಹಾದಾಗ ನೀರು ತಂಬಿಗೆಯಷ್ಟಾಯಿತು, ಆಮೇಲೆ ಬರೀ ಪಸೆ. ಈಗ ಆ ಹೆರಿಗೆ ಕೋಣೆಯ ನಲ್ಲಿಯನ್ನು ತಿರುಗಿಸಿದರೆ ಗಾಳಿ ಬರುತ್ತದೆ. ಕೈ ತೊಳೆಯಲು ನೀರಿಲ್ಲದ ಕೋಣೆಯಲ್ಲಿ ಯಾರಿಗೆ ಹೆರಿಗೆ ಮಾಡಿಸುತ್ತಾರೆ? ಮಗಳು ಸತ್ತ ದುಃಖಕ್ಕೆ ಊರಿನ ಬಾಯಿಯ ನೀರು ಕೊಟ್ಟು ಕೊಂಡುತಂದದ್ದು ನಾಲ್ಕು ಗೋಡೆ. ಅದರ ಬಾಗಿಲಲ್ಲಿ ಅಂಪಾರೊಳ ಹೆಸರು ಬರೆಸಿ ಎಂದು ಕೇಳುವ ಮನಸ್ಸಾಗಿತ್ತು ನನಗೆ. ಕೇಳದಿದ್ದದ್ದೇ ಒಳ್ಳೆಯದಾಯಿತು.

ಮುಂದಿನದು ನನಗಿಂತ ನಿನಗೇ ಹೆಚ್ಚು ಗೊತ್ತು. ಫಿದೆನ್ಸಿಯೊ ಒರತೆಯ ಬಾಯಲ್ಲಿ ಚಾಪೆ ಹಾಕಿಕೊಂಡು ಕೂತ. ಪೊಲೀಸರು ಕಾಗದ ಹಿಡಿದು ಬಂದರು. “ನಾವು ಒಪ್ಪಿಲ್ಲ” ಎಂದ ಇವನು. “ಒಪ್ಪಿದ್ದು ನೀನೇ, ಇಗೋ ನೋಡು ನಿನ್ನ ಹೆಸರು” ಎಂದರು ಅವರು. ಆಗ ಅವನು ಕಾಗದ ನೋಡಲಿಲ್ಲ ಕೊಮಾದ್ರೆ, ಜನರ ನಡುವೆ ನಿಂತಿದ್ದ ನನ್ನನ್ನು ಹುಡುಕಿ ನೋಡಿದ. ಆ ಗಳಿಗೆಯಲ್ಲಿ ನಾನು ಬಾಯಿ ಬಿಟ್ಟಿದ್ದರೆ ಅವನು ಸಂಜೆಗೆ ಮನೆಗೆ ಬಂದಿರುತ್ತಿದ್ದ. ಜೈಲಿನಲ್ಲಿ ಹದಿನಾಲ್ಕು ತಿಂಗಳು ಸಕ್ಕರೆ ಕಾಯಿಲೆಗೆ ಸರಿಯಾಗಿ ಮದ್ದಿಲ್ಲದೆ, ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಅವನೇ ಹೋದ. ನನ್ನ ಒಂದು ಸುಳ್ಳು ಅವನ ಬಾಯಿಂದ ಬಂದ ಮಾತಾಗಿ ಅವನನ್ನೇ ತಿಂದಿತು.

ಇನ್ನೊಂದು ಹೇಳಿದರೆ ನೀನು ನಗಲೂಬಹುದು, ಅಳಲೂಬಹುದು. ನಮ್ಮ ಭಾಷೆಯ ಆ ಒಂದು ಮಾತನ್ನು ಲೋರ್ನಾ ಕಲಿತುಕೊಂಡುಬಿಟ್ಟಿದ್ದಾಳೆ. ಹೌದು ಎಂದು ಅದರ ಅರ್ಥ ಎಂದುಕೊಂಡಿದ್ದಾಳೆ, ಹೇಳಿಕೊಟ್ಟವಳು ನಾನೇ ತಾನೆ? ಊಟ ಬಡಿಸಿದರೆ ಆಗಲಿ, ಕೈ ಕುಲುಕಿದರೆ ಆಗಲಿ. ಈ ವರ್ಷದ ಹೊಣೆಗಾರಿಕೆ ವರದಿಯ ಮುಖಪುಟದ ಮೇಲೂ ಅದನ್ನೇ ದೊಡ್ಡ ಅಕ್ಷರದಲ್ಲಿ ಹಾಕಿದ್ದಾರೆ, ಕೆಳಗೆ ಇಂಗ್ಲಿಷಿನಲ್ಲಿ ‘ಹೌದು, ಜೊತೆಜೊತೆಗೆ’ ಎಂದು. ಹಿಂದೆ ನಮ್ಮ ಒರತೆಯ ಚಿತ್ರ, ನೀರು ತುಂಬಿದ್ದಾಗಿನದು. ಇದನ್ನು ಫಿದೆನ್ಸಿಯೊಗೆ ತೋರಿಸಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಇವತ್ತು ಬೆಳಿಗ್ಗೆ ಕಂಪನಿಯ ವಕೀಲ ಡಂಕನ್ ನನ್ನನ್ನು ಕೂರಿಸಿಕೊಂಡು ನಾಳಿನ ಪಾಠ ಹೇಳಿಕೊಟ್ಟ. ಹೆಚ್ಚೇನಿಲ್ಲ, “ಆವತ್ತು ಅನುವಾದ ಮಾಡಿದ್ದು ಸರಿಯಾಗಿದೆ” ಎಂದರೆ ಸಾಕಂತೆ. “ನಿಮ್ಮೂರಲ್ಲಿ ಎಷ್ಟು ಜನಕ್ಕೆ ಒಳ್ಳೇದಾಗ್ತಿದೆ, ಒಬ್ಬೊಬ್ಬರ ಮುಖ ನೆನಪು ಮಾಡ್ಕೊಳಿ” ಎಂದೂ ಹೇಳಿದ. ನಾನು ನೆನಪು ಮಾಡಿಕೊಂಡೆ. ಎಲ್ಲ ಮುಖಗಳನ್ನೂ. ಆಮೇಲೆ ನಮ್ಮ ಮಾತಿನಲ್ಲೇ ಆಗಲಿ ಎಂದೆ. ಲೋರ್ನಾ ಸಂತೋಷದಿಂದ ನನ್ನ ಭುಜ ತಟ್ಟಿದಳು.

ಕಿಟಕಿಯಾಚೆ ಹಿಮ ಬೀಳುತ್ತಿದೆ. ಬಿಸಿ ನೀರು, ತಣ್ಣೀರು ಎರಡೂ ಬರುವ ಕೋಣೆ ಕೊಟ್ಟಿದ್ದಾರೆ. ನನಗೆ ಹೆದರಿಕೆಯಾಗುತ್ತಿದೆ. ಏನಾಯಿತೆಂದು ನಾಳೆ ಬರೆಯುತ್ತೇನೆ.

ಬುಧವಾರ, ಮೂರು ಗಂಟೆ

ಮುಗಿಯಿತು ಕೊಮಾದ್ರೆ.

ಮಂಡಳಿಯಲ್ಲಿ ಮೂವರಿದ್ದರು, ನಡುವೆ ಬಿಳಿ ಕೂದಲಿನ ಹೆಂಗಸು. ಮೊದಲು ಧ್ವನಿಮುದ್ರಣ ಹಾಕಿದರು. ಕೋಳಿ ಕೂಗಿದ್ದು ಕೇಳಿಸಿತು, ಯಾರದೋ ಮಗು ಅತ್ತದ್ದು ಕೇಳಿಸಿತು. ಆಮೇಲೆ ಅವನ ಕೆಮ್ಮು. ಎರಡು ವರ್ಷದ ಹಿಂದೆ ಮಣ್ಣು ಮಾಡಿದವನು ಈ ದೂರದ ದೇಶದ ಗಾಜಿನ ಕೋಣೆಯಲ್ಲಿ ನನ್ನ ಬೆನ್ನ ಹಿಂದೆ ನಿಂತು ಕೆಮ್ಮಿದ ಹಾಗಾಯಿತು. “ಆಗಲಿ” ಅಂದ. ನನ್ನ ದನಿ ಬಂತು, ಎಷ್ಟು ಚುರುಕಾಗಿ, ಎಷ್ಟು ನಯವಾಗಿ! ಆ ದನಿಯ ಹೆಂಗಸಿನ ಕೆನ್ನೆಗೆ ಬಾರಿಸಬೇಕೆನಿಸಿತು.

“ಈ ಅನುವಾದ ಸರೀನಾ?” ಎಂದು ಆ ಹೆಂಗಸು ಕೇಳಿದಳು.

“ತಪ್ಪು” ಎಂದೆ. ಇನ್ನೊಮ್ಮೆ ಹೇಳಿಸಿದರು. ಆಗಲಿ ಎಂದರೇನು, ಒಪ್ಪಿದೆವು ಎಂದರೇನು, ಟೋಪಿ ಎಂದರೇನು, ಎಲ್ಲವನ್ನೂ ಹೇಳಿದೆ. ಪಾತ್ರೆ ಮಾರುವವನ ಕಥೆಯನ್ನೂ ಹೇಳಿದೆ. “ಧ್ವನಿಮುದ್ರಣದಲ್ಲಿ ಟೋಪಿ ಇಲ್ಲ” ಎಂದು ಡಂಕನ್ ಚುಚ್ಚಿದ. “ಹೌದು, ಅದು ಕೇಳ್ಸಲ್ಲ. ನೋಡಿದ್ದು ನಾನು” ಎಂದೆ.

“ಅಂದ್ರೆ ಆವತ್ತು ತಪ್ಪು ತಿಳ್ಕೊಂಡ್ರಿ?”

ನಾನು ತಪ್ಪಿಸಿಕೊಳ್ಳಲು ಡಂಕನ್ ದಾರಿ ಬಿಟ್ಟಿದ್ದ, ಹೌದು ಎಂದರೆ ನಾನು ಬರೀ ದಡ್ಡಿಯಾಗುತ್ತಿದ್ದೆ. “ಇಲ್ಲ. ಗೊತ್ತಿದ್ದೇ ಹೇಳ್ದೆ” ಎಂದೆ. ಏಕೆ ಎಂದು ಬಿಳಿ ಕೂದಲಿನವಳು ಕೇಳಿದಾಗ ಅಂಪಾರೊಳ ಹೆಸರು ಹೇಳಿದೆ.

ಡಂಕನ್ ಒಳ್ಳೆಯ ವಕೀಲ. ನೀವು ಆಗ ಸುಳ್ಳು ಹೇಳಿದ್ದೋ, ಈಗ ಹೇಳುತ್ತಿರುವುದೋ ನಮಗೆ ಹೇಗೆ ಗೊತ್ತಾಗಬೇಕು ಎಂದು ಕೇಳಿದ. ಸುಳ್ಳಿಗೆ ಇಷ್ಟು ವರ್ಷ ಸಾಕ್ಷಿ ಹೇಳಿದ ಬಾಯಿ, ನಿಜ ಹೇಳಿದರೆ ಯಾರು ನಂಬಬೇಕು? ಆಮೇಲೆ ಅವನು ಇನ್ನೊಂದು ಕಾಗದ ತೆಗೆದು ಮೇಜಿನ ಮೇಲಿಟ್ಟ. ಅದರ ಮಾತು ಕೊನೆಗೆ ಬರೆಯುತ್ತೇನೆ.

ಹೊರಗೆ ಬರುವಾಗ ಲೋರ್ನಾ ಗೋಡೆಗೊರಗಿ ನಿಂತು ಅಳುತ್ತಿದ್ದಳು. “ನಾಲ್ಕು ವರ್ಷ ಜೊತೆಗಿದ್ರಿ. ಒಂದ್ ದಿನಾನೂ ನಂಗ್ಯಾಕೆ ಹೇಳ್ಲಿಲ್ಲ?” ಎಂದಳು. “ನೀವು ಅವರು ಏನಂದ್ರು ಅಂತ ಕೇಳ್ಲಿಲ್ಲ ಮೇಡಂ. ಹೌದು ಅಂದ್ರು ತಾನೆ ಅಂತ ಕೇಳಿದ್ರಿ” ಎಂದೆ. ಇದನ್ನು ಬೈಗುಳವೆಂದು ಹೇಳಲಿಲ್ಲ. ಅವಳು ಕೆಟ್ಟವಳಲ್ಲ ಕೊಮಾದ್ರೆ. ಒಂದೇ ಉತ್ತರವನ್ನು ಕೇಳಿಸಿಕೊಳ್ಳಲು ದೇಶ ದೇಶ ತಿರುಗುತ್ತಾಳೆ, ಅದನ್ನು ಹೇಳುವ ನನ್ನಂಥವಳು ಅವಳಿಗೆ ಎಲ್ಲ ಕಡೆಯೂ ಸಿಗುತ್ತಾಳೆ.

ಇದರಿಂದ ಒರತೆ ತುಂಬುತ್ತದೆ ಎಂದು ಆಸೆ ಇಟ್ಟುಕೊಳ್ಳಬೇಡ. ಮಂಡಳಿ ವರದಿ ಬರೆಯುತ್ತದಂತೆ, ಕಂಪನಿಗೆ ಬುದ್ಧಿ ಹೇಳುತ್ತದಂತೆ, ಸುರಂಗ ಮುಚ್ಚಿಸುವ ಅಧಿಕಾರ ಅದಕ್ಕಿಲ್ಲವಂತೆ. ಆ ವರದಿಯಲ್ಲಿ ಒಂದು ಸಾಲು ಮಾತ್ರ ಖಂಡಿತ ಬರಬೇಕೆಂದು ನಾನು ಕೈಮುಗಿದು ಕೇಳಿದೆ. ಫಿದೆನ್ಸಿಯೊ ಊರನ್ನು ಮಾರಲಿಲ್ಲ, ಅವನು ಒಪ್ಪಿರಲಿಲ್ಲ ಎಂದು. ಬಿಳಿ ಕೂದಲಿನವಳು ಬರೆದುಕೊಂಡಳು. ಬರೆಯುವುದನ್ನು ನನ್ನ ಕಣ್ಣಾರೆ ನೋಡಿದೆ. ಮಾರುಕಟ್ಟೆಯಲ್ಲಿ ನಿನ್ನ ಬೆನ್ನ ಹಿಂದೆ “ಒಪ್ಕೊಂಡವನ ಹೆಂಡ್ತಿ” ಎಂದು ಆಡಿಕೊಳ್ಳುವವರ ಬಾಯಿಗೆ ಅಷ್ಟಾದರೂ ಬೀಗ ಬೀಳಲಿ.

ಕಂಪನಿಯ ಕೆಲಸ ಇವತ್ತಿಗೆ ಮುಗಿಯಿತು. ಊರಿಗೆ ಬರುವ ಮಾತು ನಿನ್ನೆ ಬರೆದಿದ್ದೆ, ಈಗ ಬರುವುದಿಲ್ಲ. ವಹಾಕಾದಲ್ಲಿ ನನ್ನ ತಂಗಿಯ ಟೊರ್ಟಿಯಾ ರೊಟ್ಟಿ ಅಂಗಡಿಯಲ್ಲಿ ಇರುತ್ತೇನೆ, ನೀನು ಬಾ ಎಂದರೆ ಬರುತ್ತೇನೆ. ಕ್ಷಮಿಸು ಎಂದು ಕೇಳುವಷ್ಟು ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ನಿನ್ನ ಕೊಮಾದ್ರೆ ಆಗಿದ್ದ
ಒದಿಲಿಯಾ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಬ್ರಿಸೈದಾ, ಮಗಳೇ, ಇಲ್ಲಿಯವರೆಗೆ ಅಮ್ಮನಿಗೆ ಓದಿ ಹೇಳಿದ್ದೀಯ. ಇನ್ನು ಮುಂದಿನದು ನಿನಗೂ ಸೇರಿದ್ದು, ಆದರೆ ಓದುವುದನ್ನು ನಿಲ್ಲಿಸಬೇಡ. ಡಂಕನ್ ಮೇಜಿನ ಮೇಲಿಟ್ಟದ್ದು ನಿನ್ನ ವಿದ್ಯಾರ್ಥಿವೇತನದ ಅರ್ಜಿ. ಅದು ಸರ್ಕಾರದ್ದು ಎಂದು ನಾನು ನಿಮ್ಮಿಬ್ಬರಿಗೂ ಹೇಳಿದ್ದು ಸುಳ್ಳು. ಅದು ಕಂಪನಿಯದು. ನಿನ್ನಪ್ಪ ಜೈಲಿನಲ್ಲಿದ್ದಾಗ, ನಿನ್ನ ಓದಾದರೂ ನಿಲ್ಲದಿರಲಿ ಎಂದು ನಾನೇ ಬೇಡಿ ಕೊಡಿಸಿದ್ದು. “ವಿರೋಧ ಮಾಡಿದವನ ಮನೆಯವರೂ ನಮ್ಮ ಸಹಾಯಕ್ಕೆ ಒಪ್ಪಿದ್ದಾರೆ, ಇಗೋ ತಾಯಿಯ ಹೆಬ್ಬೆಟ್ಟು” ಎಂದು ಅವನು ಮಂಡಳಿಗೆ ತೋರಿಸಿದ. ಎರ್ಮೆಲಿಂದಾ, ಆ ಹೆಬ್ಬೆಟ್ಟು ನಿನ್ನದಲ್ಲ, ನನ್ನದು. ಅಲ್ಲೇ ಶಾಯಿ ತರಿಸಿ ಒತ್ತಿ ತೋರಿಸಿದೆ. ಜನವರಿಯಿಂದ ವೇತನ ನಿಲ್ಲುತ್ತದೆ ಎಂದು ಲೋರ್ನಾ ಹೇಳಿದ್ದಾಳೆ. ಮಗಳೇ, ನಿನ್ನನ್ನು ಕೇಳದೆ ನಿನ್ನ ಪರವಾಗಿ ಎರಡು ಸಲ ಉತ್ತರ ಕೊಟ್ಟುಬಿಟ್ಟೆ, ತೆಗೆದುಕೊಳ್ಳುವಾಗ ಒಮ್ಮೆ, ಕಳೆದುಕೊಳ್ಳುವಾಗ ಒಮ್ಮೆ.

ಓದಿ ಮುಗಿಸಿದ ಮೇಲೆ ನಿನ್ನಮ್ಮ ಒಂದು ಮಾತು ಹೇಳುತ್ತಾಳೆ. ಯಾವುದೆಂದು ನಿನಗೂ ಗೊತ್ತು, ನನಗೂ ಗೊತ್ತು. ನನ್ನ ಸಮಾಧಾನಕ್ಕೆಂದು “ಅಮ್ಮ ಕ್ಷಮಿಸಿದ್ಲು” ಎಂದು ಫೋನ್ ಮಾಡಬೇಡ. ಅವಳು ಹೇಳಿದ್ದನ್ನೇ ಹೇಳು. ಅದರ ಅರ್ಥ ನನಗೆ ತಿಳಿಯುತ್ತದೆ.